ಗುಂಟೆಗೆ ಒಂದೂವರೆ ಹಕ್ಕಿ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ವಿಸ್ತೀರ್ಣ 54.38 ಹೆಕ್ಟೇರ್. ರೈತರ ಲೆಕ್ಕದಲ್ಲಿ ಹೇಳಿದರೆ 134 ಎಕರೆ. ಚಳಿಗಾಲದಲ್ಲಿ ಈ ಕೆರೆಗೆ ಸುಮಾರು 8,000 ಹಕ್ಕಿಗಳು ಬರುತ್ತವೆ ಎಂದು ಸರ್ಕಾರವೇ ದಾಖಲಿಸಿದೆ. ಭಾಗಾಕಾರ ಮಾಡಿದರೆ ಎಕರೆಗೆ ಅರವತ್ತು ಹಕ್ಕಿ, ಗುಂಟೆಗೆ ಒಂದೂವರೆ. ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲದ ಒಂದೊಂದು ಚೌಕಕ್ಕೂ ಒಂದೂವರೆ ಹಕ್ಕಿಯಂತೆ ಇಡೀ 134 ಎಕರೆ ತುಂಬುತ್ತದೆ. ಹಕ್ಕಿಗಳು ಹೀಗೆ ಸಮನಾಗಿ ಹಂಚಿಕೊಂಡು ಕೂರುವುದಿಲ್ಲ. ಒಂದು ಮಗ್ಗುಲಿಗೆ ಒತ್ತೊತ್ತಾಗಿ ಕುಳಿತು ಉಳಿದ ನೀರನ್ನು ಖಾಲಿ ಬಿಡುತ್ತವೆ. ಹಾಗಾಗಿ ದಂಡೆಯ ಮೇಲೆ ನಿಂತವರ ಕಣ್ಣಿಗೆ ಬೀಳುವ ದಟ್ಟಣೆ ಈ ಸರಾಸರಿಗಿಂತ ಎಷ್ಟೋ ಹೆಚ್ಚು.

ಗದಗಿನಿಂದ 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8. ಬೆಳಗಿನ ಜಾವ ಗದಗ-ಬೆಟಗೇರಿಯಿಂದ ಒಂದು ಟೆಂಪೋ ಟ್ರಾವೆಲರ್ ಹೊರಟರೆ ಸೂರ್ಯ ಹುಟ್ಟುವುದರೊಳಗೆ ಕೆರೆಯ ಏರಿಯ ಮೇಲಿರಬಹುದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಶಾಲೆ ಮಕ್ಕಳು, ಕಾಲೇಜಿನವರು, ಕ್ಯಾಮೆರಾದವರು, ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡವರು ಗುಂಪುಗುಂಪಾಗಿ ಬರುವುದು ಇಲ್ಲಿಗೇ. ಈ ಗುಂಪುಗಳು ಏನನ್ನು ನೋಡಲು ಬರುತ್ತವೆ, ನೋಡಿ ಏನು ಮಾಡಬೇಕು ಎಂಬುದೇ ಈ ಬರಹದ ವಿಷಯ. ಅದನ್ನು ಅಂಕಿಗಳಿಂದಲೇ ಹೇಳಬೇಕು. ಈ ಕೆರೆಯ ವಿಷಯದಲ್ಲಿ ಯಾವ ವರ್ಣನೆಗಿಂತಲೂ ಅಂಕಿಗಳೇ ಹೆಚ್ಚು ಬೆರಗು ಹುಟ್ಟಿಸುತ್ತವೆ.

2024ರ ಜನವರಿ ಕೊನೆಗೆ ಭಾರತದ ಐದು ತಾಣಗಳು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಹೊಸದಾಗಿ ಸೇರಿದವು. ದೇಶದ ಒಟ್ಟು ಸಂಖ್ಯೆ 75ರಿಂದ 80ಕ್ಕೆ ಏರಿತು. ಐದರಲ್ಲಿ ಮೂರು ಕರ್ನಾಟಕದವು: ಅಘನಾಶಿನಿ ಅಳಿವೆ, ಅಂಕಸಮುದ್ರ ಮತ್ತು ನಮ್ಮ ಮಾಗಡಿ. ಅದಕ್ಕೆ ಮುಂಚೆ ಇಡೀ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಅಘನಾಶಿನಿ 4,801 ಹೆಕ್ಟೇರ್. ಅದರೊಳಗೆ ಮಾಗಡಿಯಂಥ 88 ಕೆರೆ ಹಿಡಿಸುತ್ತವೆ. ಐದರಲ್ಲಿ ಎಲ್ಲಕ್ಕಿಂತ ಚಿಕ್ಕದು ಮಾಗಡಿಯೇ. ಇದು ನದಿಯಲ್ಲ, ಅಳಿವೆಯಲ್ಲ, ಪ್ರಕೃತಿ ಮಾಡಿಟ್ಟ ಸರೋವರವೂ ಅಲ್ಲ. ಮಳೆ ನೀರು ಹಿಡಿದಿಟ್ಟು ಹೊಲಕ್ಕೆ ಹಾಯಿಸಲೆಂದು ಜನ ಮಣ್ಣು ಹೊತ್ತು ಕಟ್ಟಿದ ಕೆರೆ. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ನೀರಿಗಾಗಿ ಕಟ್ಟಿದ ಕೆರೆ ಹಕ್ಕಿಗಳಿಂದಾಗಿ ಜಗತ್ತಿನ ನಕ್ಷೆಗೆ ಹತ್ತಿತು.

ಸರ್ಕಾರದ ದಾಖಲೆಯ ಪ್ರಕಾರ ಇಲ್ಲಿ ಕಂಡ ಹಕ್ಕಿ ಜಾತಿಗಳು 166ಕ್ಕೂ ಹೆಚ್ಚು. ಅವುಗಳಲ್ಲಿ 130 ವಲಸೆ ಬರುವಂಥವು. ಇಡೀ ಭಾರತದಲ್ಲಿ ದಾಖಲಾದ ಜಾತಿಗಳು 1,350ರ ಮೇಲೆ. ಅಂದರೆ ಕಾಶ್ಮೀರದಿಂದ ಅಂಡಮಾನ್‌ವರೆಗೆ ಕಾಣುವ ಹಕ್ಕಿ ಜಾತಿಗಳಲ್ಲಿ ಎಂಟರಲ್ಲೊಂದು ಪಾಲು ಈ 134 ಎಕರೆಗೆ ಬಂದು ಹೋಗಿವೆ. ಬಣ್ಣದ ಕೊಕ್ಕರೆ, ಹಾವಕ್ಕಿ, ಬಿಳಿ ಕೆಂಬರಲು, ಬಿಳಿ ಕತ್ತಿನ ಕೊಕ್ಕರೆ ಇವೆ. ಜಗತ್ತಿನಲ್ಲೇ ಸಂಖ್ಯೆ ಇಳಿಯುತ್ತಿರುವ ನದಿ ರೀವವೂ ಇದೆ. ಆದರೆ ಮಾಗಡಿಗೆ ಹೆಸರು ತಂದದ್ದು ಒಂದೇ ಹಕ್ಕಿ: ಪಟ್ಟೆತಲೆ ಹೆಬ್ಬಾತು. ದಕ್ಷಿಣ ಭಾರತದಲ್ಲಿ ಈ ಹೆಬ್ಬಾತು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಮಾಗಡಿ ಒಂದು.

ಹತ್ತಿರದಿಂದ ನೋಡಿದರೆ ಹಕ್ಕಿ ಹೀಗಿದೆ. ಮೈ ಬೂದಿ ಬಣ್ಣ. ತಲೆ ಬೆಳ್ಳಗೆ. ಆ ಬಿಳುಪಿನ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆ. ಮೇಲಿನದು ಕಣ್ಣಿನಿಂದ ಕಣ್ಣಿಗೆ ಹಾಯುತ್ತದೆ, ಕೆಳಗಿನದು ಗಿಡ್ಡ. ಕೊಕ್ಕು ಕಿತ್ತಳೆ ಹಳದಿ, ತುದಿ ಕಪ್ಪು. ತೂಕ ಎರಡರಿಂದ ಮೂರು ಕಿಲೋ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಒಂದೂವರೆ ಮೀಟರ್. ಆ ವರ್ಷ ಹುಟ್ಟಿದ ಮರಿಗೆ ಪಟ್ಟೆಗಳು ಇನ್ನೂ ಮೂಡಿರುವುದಿಲ್ಲ; ನೆತ್ತಿಯೆಲ್ಲ ಮಸುಕು ಕಂದು. ಹೆಬ್ಬಾತುಗಳಲ್ಲಿ ಮರಿಗಳು ಮೊದಲ ಚಳಿಗಾಲವನ್ನು ತಂದೆತಾಯಿಯ ಜೊತೆಯಲ್ಲೇ ಕಳೆಯುತ್ತವೆ. ಹೀಗಾಗಿ ದುರ್ಬೀನಿನಲ್ಲಿ ನೂರು ತಲೆ ನೋಡಿ, ಪಟ್ಟೆ ಇದ್ದವೆಷ್ಟು ಇಲ್ಲದವೆಷ್ಟು ಎಂದು ಬರೆದುಕೊಂಡರೆ ಸಾಕು, ಆ ಬೇಸಿಗೆಯಲ್ಲಿ ಅವು ಮರಿ ಮಾಡುವ ಟಿಬೆಟ್, ಮಂಗೋಲಿಯಾ ಕಡೆ ಎಷ್ಟು ಮರಿ ಉಳಿದವು ಎಂಬುದರ ಅಂದಾಜು ಶಿರಹಟ್ಟಿ ತಾಲ್ಲೂಕಿನ ಕೆರೆಯ ಏರಿಯ ಮೇಲೆ ನಿಂತು ಸಿಗುತ್ತದೆ. ಒಂಬತ್ತನೇ ತರಗತಿಯ ಹುಡುಗಿಯೂ ಮಾಡಬಹುದಾದ ಕೆಲಸ ಇದು.

ಜಗತ್ತಿನಲ್ಲಿ ಈ ಜಾತಿಯ ಹಕ್ಕಿಗಳು ಒಂದು ಲಕ್ಷದ ಸುತ್ತಮುತ್ತ ಎಂದು ಅಂದಾಜು. ಗದಗ-ಬೆಟಗೇರಿ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲೇ 1.72 ಲಕ್ಷ. ಭೂಮಿಯ ಮೇಲಿನ ಅಷ್ಟೂ ಪಟ್ಟೆತಲೆ ಹೆಬ್ಬಾತುಗಳು ಸೇರಿದರೂ ನಮ್ಮ ಒಂದು ಅವಳಿ ನಗರದ ಜನರಷ್ಟಾಗುವುದಿಲ್ಲ. ಇದನ್ನು ತಿಳಿದ ಮೇಲೆ ಮಾಗಡಿಯಲ್ಲಿ ಸಾವಿರ ಹೆಬ್ಬಾತು ಕಂಡವರು ಅವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಸಾವಿರ ಎಂದರೆ ಜಗತ್ತಿನ ನೂರರಲ್ಲೊಂದು ಪಾಲು. ಒಂದು ಜಾತಿಯ ಶೇ 1ರಷ್ಟು ಹಕ್ಕಿಗಳು ನಿಯಮಿತವಾಗಿ ನೆಲೆಸುವ ಜಾಗವನ್ನು ಅಂತರರಾಷ್ಟ್ರೀಯ ಮಹತ್ವದ್ದೆಂದು ಪರಿಗಣಿಸುವುದು ರಾಮ್ಸಾರ್ ಒಪ್ಪಂದದ ಮಾನದಂಡಗಳಲ್ಲಿ ಒಂದು.

ಇನ್ನು ದಾರಿಯ ಲೆಕ್ಕ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಆ ಪಟ್ಟಿಯ ಮೇಲಿನ ಅಕ್ಷರ, ಅಂಕಿಗಳನ್ನು ದೂರದರ್ಶಕದಲ್ಲಿ ಓದಿದರೆ ಹಕ್ಕಿ ಯಾವ ಸರೋವರದ್ದೆಂದು ಗೊತ್ತಾಗುತ್ತದೆ. ಮಧ್ಯ ಮಂಗೋಲಿಯಾದ ಸರೋವರಗಳಿಂದ ಮಾಗಡಿಗೆ ನೇರ ಗೆರೆ ಎಳೆದರೇ ನಾಲ್ಕು ಸಾವಿರ ಕಿಲೋಮೀಟರ್ ದಾಟುತ್ತದೆ. ಹಕ್ಕಿ ಗೆರೆ ಹಿಡಿದು ಹಾರುವುದಿಲ್ಲ. ನಡುವೆ ಇಳಿಯುತ್ತದೆ, ಮೇಯುತ್ತದೆ, ಸುತ್ತುತ್ತದೆ. ಅದನ್ನೆಲ್ಲ ಬಿಟ್ಟು ಬರೀ ನೇರ ದಾರಿಯನ್ನೇ ಹಿಡಿಯೋಣ. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಗಾಗಿ ಈ ಹಕ್ಕಿಗಳ ಮೈಯೊಳಗೆ ಪುಟ್ಟ ಉಪಕರಣ ಇಟ್ಟು ಅಳೆದಿದ್ದರು. ಹಾರುವಾಗ ಸೆಕೆಂಡಿಗೆ ಸುಮಾರು ನಾಲ್ಕು ರೆಕ್ಕೆಬಡಿತ. ಹೃದಯ ಬಡಿತ ನಿಮಿಷಕ್ಕೆ ಸರಾಸರಿ 328. ಗಂಟೆಗೆ 60 ಕಿಲೋಮೀಟರ್ ವೇಗ ಎಂದಿಟ್ಟುಕೊಂಡರೆ ಮಾಗಡಿ ತಲುಪಲು ಎಪ್ಪತ್ತು ಗಂಟೆಯ ಹಾರಾಟ. ಗುಣಿಸಿ ನೋಡಿದೆ: ಹತ್ತು ಲಕ್ಷ ರೆಕ್ಕೆಬಡಿತ. ಸುಮಾರು ಹದಿನಾಲ್ಕು ಲಕ್ಷ ಹೃದಯ ಬಡಿತ. ಇದು ಬರುವ ದಾರಿಯದು ಮಾತ್ರ; ಮಾರ್ಚ್‌ನಲ್ಲಿ ಮರಳುವಾಗ ಮತ್ತೆ ಅಷ್ಟೇ. ಮರುವರ್ಷ ಮತ್ತೆ.

ನಡುವೆ ಅಡ್ಡ ನಿಂತಿರುವುದು ಹಿಮಾಲಯ. ಪಟ್ಟೆತಲೆ ಹೆಬ್ಬಾತು ಎವರೆಸ್ಟ್ ಮೇಲೆ ಹಾರಿ ಬರುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ. ಮಕಾಲು ಪರ್ವತದ ಕಡೆ ರಾತ್ರಿ ತಲೆಯ ಮೇಲೆ ಹೆಬ್ಬಾತುಗಳ ಕೂಗು ಕೇಳಿಸಿತೆಂದು ಲಾರೆನ್ಸ್ ಸ್ವಾನ್ ಎಂಬ ವಿಜ್ಞಾನಿ ಬರೆದ ಮೇಲೆ ಈ ಮಾತು ಬೆಳೆಯುತ್ತ ಹೋಯಿತು. ಉಪಕರಣ ಕಟ್ಟಿ ಅಳೆದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಅದೂ ಅಪರೂಪಕ್ಕೆ. ಹೆಚ್ಚಿನ ಹೊತ್ತು ಅವು ಐದೂವರೆ ಸಾವಿರ ಮೀಟರಿಗಿಂತ ಕೆಳಗೆ, ಕಣಿವೆಯ ನೆಲಕ್ಕೆ ಅಂಟಿಕೊಂಡಂತೆ ಹಾರುತ್ತವೆ. ಬೆಟ್ಟ ಬಂದರೆ ಏರುತ್ತವೆ, ಆಚೆ ಇಳಿಯುತ್ತವೆ, ಮತ್ತೆ ಏರುತ್ತವೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಹೀಗೆ ಕಳೆದುಕೊಳ್ಳುವುದು ದಡ್ಡತನ ಅನ್ನಿಸುತ್ತದೆ. ಆದರೆ ಮೇಲಿನ ತೆಳು ಗಾಳಿಯಲ್ಲಿ ತೇಲಲು ರೆಕ್ಕೆಬಡಿತ ಹೆಚ್ಚಿಸಬೇಕು, ಮತ್ತು ರೆಕ್ಕೆಬಡಿತ ಬರೀ ಶೇ 5ರಷ್ಟು ಹೆಚ್ಚಿದರೂ ಹೃದಯ ಬಡಿತ ಶೇ 19ರಷ್ಟು, ಖರ್ಚಾಗುವ ಶಕ್ತಿ ಶೇ 41ರಷ್ಟು ಏರುತ್ತದೆ ಎಂದು 2015ರ ಅದೇ ಸಂಶೋಧನೆ ಅಂದಾಜು ಮಾಡಿತು. ಇಳಿದು ಏರುವುದೇ ಅಗ್ಗ. ನನಗಂತೂ ಎವರೆಸ್ಟ್ ಕತೆಗಿಂತ ಈ ಲೆಕ್ಕಾಚಾರವೇ ದೊಡ್ಡದಾಗಿ ಕಾಣುತ್ತದೆ. ಕೆರೆಯ ದಂಡೆಯ ಮೇಲೆ ನಿಂತು ಗುಂಪಿಗೆ ವಿವರಿಸುವವರು ಇನ್ನಾದರೂ 7,290 ಎಂದೇ ಹೇಳಲಿ. ಅಳೆದ ಅಂಕಿಗೆ ಕತೆಯ ಸಹಾಯ ಬೇಕಿಲ್ಲ.

ಐದೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ಅಲ್ಲಿ ಮನುಷ್ಯ ನಡೆಯುವುದೇ ಕಷ್ಟ. ಈ ಹಕ್ಕಿ ರೆಕ್ಕೆ ಬಡಿಯುತ್ತ ಏರುತ್ತದೆ. 2011ರಲ್ಲಿ ಪ್ರಕಟವಾದ ಉಪಗ್ರಹ ಅಧ್ಯಯನದ ಪ್ರಕಾರ ವಸಂತದಲ್ಲಿ ಉತ್ತರಕ್ಕೆ ಹೋಗುವ ಹೆಬ್ಬಾತುಗಳು ನಾಲ್ಕರಿಂದ ಆರು ಸಾವಿರ ಮೀಟರ್ ಎತ್ತರವನ್ನು ಏಳೆಂಟು ಗಂಟೆಗಳಲ್ಲಿ ಏರುತ್ತವೆ. ಅದೂ ಬೆನ್ನಿಗೆ ಗಾಳಿಯ ನೂಕು ಇಲ್ಲದ ರಾತ್ರಿ ಮತ್ತು ನಸುಕಿನ ಹೊತ್ತಿನಲ್ಲಿ. ಆಗ ಗಾಳಿ ತಣ್ಣಗೆ, ಹೆಚ್ಚು ಸಾಂದ್ರವಾಗಿ, ಸ್ತಬ್ಧವಾಗಿರುತ್ತದೆ. ಅವುಗಳ ಶ್ವಾಸಕೋಶ ಅದೇ ಗಾತ್ರದ ಬೇರೆ ನೀರುಹಕ್ಕಿಗಳದಕ್ಕಿಂತ ದೊಡ್ಡದು. ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಿಂದಲೂ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಜೆಸ್ಸಿಕಾ ಮೀರ್ ಎಂಬ ವಿಜ್ಞಾನಿ ಈ ಹಕ್ಕಿಯ ಮರಿಗಳನ್ನು ತಾಯಿಯಂತೆ ಸಾಕಿ, ಗಾಳಿ ಸುರಂಗದಲ್ಲಿ ಮೂತಿಗೆ ಮುಖವಾಡ ಕಟ್ಟಿ ಹಾರಿಸಿದರು. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿರುತ್ತದೆ. ಅವರು ಅದನ್ನು ಶೇ 7ಕ್ಕೆ ಇಳಿಸಿದರೂ ಹಕ್ಕಿಗಳು ಹಾರಿದವು. ಆ ಪ್ರಬಂಧ 2019ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಯಿತು. ಅದೇ ತಿಂಗಳು ಜೆಸ್ಸಿಕಾ ಗಗನಯಾತ್ರಿಯಾಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು.

ಈಗ ಮತ್ತೆ ಹೊಲಕ್ಕೆ ಬನ್ನಿ. ಆ ಏರುವಿಕೆಗೆ ಬೇಕಾದ ಕೊಬ್ಬು ಕೂಡಲು ಶುರುವಾಗುವುದು ಎಲ್ಲಿ? ಚಳಿಗಾಲವಿಡೀ ಅವು ಮೇಯುವ ಹೊಲಗಳಲ್ಲಿ. ಹೆಬ್ಬಾತು ಹುಲ್ಲು, ಚಿಗುರು, ಕಾಳು ತಿನ್ನುವ ಹಕ್ಕಿ. ಮಾಗಡಿಯಲ್ಲಿ ಅವು ಹಗಲು ಕೆರೆಯಲ್ಲಿ ವಿಶ್ರಮಿಸಿ, ಸಂಜೆಯಾಗುತ್ತಲೇ ಸುತ್ತಲಿನ ಹೊಲಗಳಿಗೆ ಹೋಗಿ ಮೇಯ್ದು ಬೆಳಿಗ್ಗೆ ಮರಳುತ್ತವೆ. ಅವು ಬಂದಿಳಿಯುವ ನವೆಂಬರ್‌ನಲ್ಲಿ ಹಿಂಗಾರಿ ಕಡ್ಲಿ ಚಿಗುರಿರುತ್ತದೆ, ಶೇಂಗಾ ಕಿತ್ತ ಹೊಲದಲ್ಲಿ ಕಾಯಿ ಉಳಿದಿರುತ್ತವೆ, ಗೋಧಿ ಏಳುತ್ತಿರುತ್ತದೆ. ಎರಡೂವರೆ ಕಿಲೋದ ಸಾವಿರ ಹಕ್ಕಿ ಎಂದರೆ 25 ಕ್ವಿಂಟಲ್ ತೂಕದ ಜೀವ. ಅಷ್ಟೂ ಜೀವ ನಾಲ್ಕು ತಿಂಗಳು ಈ ಎರೆಹೊಲಗಳ ಮೇಲೆ ಬದುಕಬೇಕು.

“ಕಡ್ಲಿ ಚಿಗುರು ತಿಂತಾವಲ್ರೀ ಯಜಮಾನ್ರ, ಓಡಸಂಗಿಲ್ಲೇನು?” ಎಂದು ಗುಂಪಿನವರು ಕೇಳಿದರೆ, “ತಿಂತಾವ್ರೀ. ವರ್ಷಾ ಬರೂವು ಅದಾವು, ಏನ್ ಮಾಡೂದು” ಎಂಬ ಧಾಟಿಯ ಉತ್ತರವೇ ಈ ಭಾಗದಲ್ಲಿ ಸಿಗುವುದು. ಈ ಸೈರಣೆಯನ್ನು ಹೊಗಳಿ ಸುಮ್ಮನಾಗುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೆರೆಯೊಳಗಿನ ಹಕ್ಕಿಯನ್ನು ಎಣಿಸುವ ನಾವು ಹೊಲದೊಳಗೆ ಹೋದ ಬೆಳೆಯನ್ನು ಎಣಿಸುವುದಿಲ್ಲ. ಎಷ್ಟು ಎಕರೆ ಚಿಗುರು ಹೋಯಿತು, ಮತ್ತೆ ಚಿಗುರಿತೋ ಇಲ್ಲವೋ, ರಾಶಿಯಲ್ಲಿ ಎಷ್ಟು ಚೀಲ ಕಡಿಮೆ ಬಂತು ಎಂಬುದೂ ಹಕ್ಕಿ ಗಣತಿಯ ಪಕ್ಕದಲ್ಲೇ ಒಂದು ಕಾಲಂ ಆಗಬೇಕು. ರಾಮ್ಸಾರ್ ದಾಖಲೆಯಲ್ಲಿರುವ ಕೆರೆಯ ವಿಸ್ತೀರ್ಣ 134 ಎಕರೆ. ಹಕ್ಕಿಗೆ ಬೇಕಾದ ಮಾಗಡಿ ಅದರ ಎಷ್ಟೋ ಪಟ್ಟು ದೊಡ್ಡದು, ಅದರ ಪಹಣಿ ರೈತರ ಹೆಸರಿನಲ್ಲಿದೆ.

ನಷ್ಟದ ಜೊತೆ ಲಾಭದ ಲೆಕ್ಕವೂ ಇದೆ. ಇಂಥದೇ ಒಣಸೀಮೆ ಅಮೆರಿಕದ ಅರಿಜೋನಾ. ಅಲ್ಲಿನ ವಿಲ್ಕಾಕ್ಸ್ ಎಂಬ ಊರಿನಲ್ಲಿ ಮೂರು ಸಾವಿರ ಚಿಲ್ಲರೆ ಜನ. ಸುತ್ತಲಿನ ಕಣಿವೆಗೆ ಪ್ರತಿ ಚಳಿಗಾಲದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ಯಾಂಡ್‌ಹಿಲ್ ಕ್ರೌಂಚಗಳು ಬರುತ್ತವೆ. ಜನವರಿಯಲ್ಲಿ ಊರವರೇ ಹಕ್ಕಿ ಹಬ್ಬ ಮಾಡುತ್ತಾರೆ. ದಾರಿ ಬಲ್ಲವರು ಮುಂದೆ, ಗುಂಪು ಹಿಂದೆ. ಆ ಕ್ರೌಂಚಗಳ ದಿನಚರಿ ನಮ್ಮ ಹೆಬ್ಬಾತಿಗೆ ತದ್ವಿರುದ್ಧ: ರಾತ್ರಿ ಆಳವಿಲ್ಲದ ನೀರಿನಲ್ಲಿ ನಿಂತು ನಿದ್ದೆ, ಹಗಲು ಹೊಲದಲ್ಲಿ ಮೇವು. ಅಲ್ಲಿಯೂ ಬದುಕಿಸುವುದು ಎರಡೇ, ತುಸು ನೀರು ಮತ್ತು ಕೊಯ್ಲಾದ ಹೊಲ. ಊರಿನ ಜನಸಂಖ್ಯೆಯ ಆರು ಪಟ್ಟು ಹಕ್ಕಿಗಳನ್ನು ಊರಿನ ಆದಾಯವಾಗಿ ಮಾಡಿಕೊಂಡಿದ್ದಾರೆ. ಮಾಗಡಿಯ ಚಹಾದಂಗಡಿ, ಲಕ್ಷ್ಮೇಶ್ವರದ ಖಾನಾವಳಿ, ಶಿರಹಟ್ಟಿಯ ಆಟೋದವರಿಗೂ ಆ ಪಾಲು ಸಿಗಬೇಕು.

ಗುಂಪಾಗಿ ಹಕ್ಕಿ ನೋಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಬೆಂಗಳೂರಿನಲ್ಲಿ 1970ರ ದಶಕದ ಆರಂಭದಲ್ಲೇ ಹಕ್ಕಿ ವೀಕ್ಷಕರ ಕ್ಷೇತ್ರ ಸಂಘ ಹುಟ್ಟಿತು. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವುದು ಅದರ ರೂಢಿ. ಹೊಸಬರು ಬಂದರೆ ಹಳಬರು ಬೈನಾಕ್ಯುಲರ್ ಕೊಟ್ಟು ಕಲಿಸುತ್ತಾರೆ. ಮಾಗಡಿಯಲ್ಲಿ ಗುಂಪಿನ ಅಗತ್ಯ ಅದಕ್ಕಿಂತ ಹೆಚ್ಚು. ಲಾಲ್‌ಬಾಗಿನಲ್ಲಿ ಗುರುತಿಸುವುದು ಕಷ್ಟ. ಇಲ್ಲಿ ಕಷ್ಟ ಎಣಿಸುವುದು.

ಎಣಿಸುವ ರೀತಿ ಹೀಗೆ. ಮೊದಲು ಹಿಂಡಿನ ಒಂದು ಅಂಚಿನಿಂದ ಹತ್ತು ಹಕ್ಕಿಯನ್ನು ಒಂದೊಂದಾಗಿ ಎಣಿಸಬೇಕು. ಆ ಹತ್ತು ದುರ್ಬೀನಿನ ವೃತ್ತದಲ್ಲಿ ಎಷ್ಟು ಜಾಗ ಹಿಡಿಯಿತು ಎಂದು ಕಣ್ಣು ಕಲಿತ ಮೇಲೆ ಅಷ್ಟಷ್ಟೇ ಜಾಗ ಅಳೆಯುತ್ತ ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಗಬೇಕು. ಹಿಂಡು ದೊಡ್ಡದಿದ್ದರೆ ಐವತ್ತರ ಅಳತೆ, ಇನ್ನೂ ದೊಡ್ಡದಿದ್ದರೆ ನೂರರದು. ಹಿಂದೆ ಕುಳಿತ ಹಕ್ಕಿ ಮುಂದಿನದರ ಮರೆಯಲ್ಲಿರುತ್ತದೆ. ಅನುಭವವಿಲ್ಲದವರು ದೊಡ್ಡ ಹಿಂಡನ್ನು ಕಡಿಮೆ ಹೇಳುವುದೇ ಹೆಚ್ಚು. ಎಂಟುನೂರು ಇದ್ದದ್ದನ್ನು ಐನೂರು ಅನ್ನುತ್ತಾರೆ. ಅದಕ್ಕೇ ಮೂವರು ಬೇರೆ ಬೇರೆ ನಿಂತು, ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳದೆ ಎಣಿಸಿ, ಆಮೇಲೆ ಹೋಲಿಸಬೇಕು. ನಾಲ್ಕನೆಯವರು ಬರೆದುಕೊಳ್ಳಬೇಕು. ಐದನೆಯವರು ಆಕಾಶ ನೋಡುತ್ತಿರಬೇಕು, ಎಣಿಕೆಯ ನಡುವೆ ಹೊಸ ಸಾಲು ಬಂದಿಳಿದರೆ ಕೂಗದೆ ಹೇಳಬೇಕು. “ಸರ, ನಂದು ಆರುನೂರಾ ನಲ್ವತ್ತು ಬಂತ್ರೀ.” “ನಂದು ಐನೂರಾ ತೊಂಬತ್ತು. ನಾಮದ ಕೋಳಿನೂ ಹಿಡದೀಯೇನು ನೋಡು ಮತ್ತ.” ಇಷ್ಟಾದ ಮೇಲೆ ಮತ್ತೊಂದು ಸುತ್ತು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತಿರುವುದು ಇಂಥ ಕೆರೆ ಏರಿಗಳ ಮೇಲೆ, ಇಂಥ ಗುಂಪುಗಳಿಂದ. ಜಗತ್ತಿನ ಪಟ್ಟೆತಲೆ ಹೆಬ್ಬಾತುಗಳ ಆ ‘ಒಂದು ಲಕ್ಷದ ಸುತ್ತಮುತ್ತ’ ಎಂಬ ಅಂಕಿ ಕಟ್ಟಿಕೊಳ್ಳುವುದು ಹೀಗೆ ಕೆರೆಕೆರೆಗೂ ನಿಂತು ಬರೆದ ಇಂಥ ಲೆಕ್ಕಗಳಿಂದಲೇ.

ಅಂಕಿ ಏಕೆ ಬೇಕು ಎಂಬುದನ್ನು ಗದಗ ಜಿಲ್ಲೆಗೆ ಕಪ್ಪತಗುಡ್ಡದ ಹೋರಾಟ ನೆನಪಿಸುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಚಾಚಿದ ಆ ಗುಡ್ಡಸಾಲಿಗೆ 2015ರಲ್ಲಿ ಸಂರಕ್ಷಿತ ಮೀಸಲಿನ ಸ್ಥಾನ ಸಿಕ್ಕಿ, 2016ರಲ್ಲಿ ಹೋಗಿ, ತೋಂಟದ ಸಿದ್ಧಲಿಂಗ ಸ್ವಾಮೀಜಿಯವರಂಥವರು ಮುಂದೆ ನಿಂತ ಹೋರಾಟದಿಂದ 2017ರಲ್ಲಿ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅಲ್ಲಿ ಏನೇನಿದೆ ಎಂಬ ಪಟ್ಟಿ ಕೈಯಲ್ಲಿದ್ದಷ್ಟೂ ವಾದಕ್ಕೆ ಬಲ. ಮಾಗಡಿ ಆ ಧಾಮದ 450ನೇ ಒಂದು ಭಾಗ. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರಿಲ್ಲ, ನೀರಿಲ್ಲದಿದ್ದರೆ ಹೆಬ್ಬಾತಿಲ್ಲ. ಹೂಳು ತುಂಬಿದರೆ, ನೀರು ಬರುವ ಹಳ್ಳಗಳು ಮುಚ್ಚಿದರೆ ಬರಗಾಲ ಬೇಕಾಗಿಯೇ ಇಲ್ಲ. ಯಾವ ವರ್ಷ ಎಷ್ಟು ನೀರಿತ್ತು, ಎಷ್ಟು ಹಕ್ಕಿ ಬಂತು ಎಂಬ ಎರಡು ಸಾಲುಗಳನ್ನು ಸತತವಾಗಿ ಬರೆದಿಟ್ಟವರ ಬಳಿ ಮಾತ್ರ ಆಗ ಉತ್ತರ ಇರುತ್ತದೆ.

ಆದ್ದರಿಂದ ಬರುವ ಚಳಿಗಾಲದಲ್ಲಿ ಬನ್ನಿ, ಒಬ್ಬರೇ ಬರಬೇಡಿ. ಐದು ಜನರಾದರೂ ಇರಲಿ, ಅವರಲ್ಲಿ ಇಬ್ಬರು ಮಕ್ಕಳಿರಲಿ, ಒಬ್ಬರಿಗಾದರೂ ಈ ಕೆರೆಯ ಪರಿಚಯವಿರಲಿ. ಸೂರ್ಯ ಹುಟ್ಟುವ ಮೊದಲೇ ಏರಿ ಮುಟ್ಟಿ. ಹಾರ್ನ್ ಬಾರಿಸಬೇಡಿ, ಡ್ರೋನ್ ಹಾರಿಸಬೇಡಿ, ಫೋಟೋಕ್ಕಾಗಿ ಹಿಂಡನ್ನು ಎಬ್ಬಿಸಬೇಡಿ. ರಾತ್ರಿಯಿಡೀ ಮೇಯ್ದು ಬಂದ ಹಕ್ಕಿ ಎದ್ದು ಹಾರಿದಷ್ಟೂ ಹಿಮಾಲಯ ಏರಲು ಕೂಡಿಟ್ಟ ಶಕ್ತಿ ಖರ್ಚಾಗುತ್ತದೆ. ಕಡ್ಲಿ ಹೊಲದೊಳಗೆ ಕಾಲಿಡುವ ಮುನ್ನ ಹೊಲದವರನ್ನು ಕೇಳಿ. ಎಣಿಸಿದ್ದನ್ನು ದಿನಾಂಕ, ಹೊತ್ತು, ನೀರಿನ ಮಟ್ಟದ ಜೊತೆ ಬರೆದು ಅರಣ್ಯ ಇಲಾಖೆಯವರಿಗೂ ನಿಮ್ಮ ಶಾಲೆಗೂ ಒಂದೊಂದು ಪ್ರತಿ ಕೊಡಿ. ನಿಮ್ಮ ಅಂಕಿ 612 ಬಂದರೆ 612 ಎಂದೇ ಬರೆಯಿರಿ, ಸಾವಿರ ಎನ್ನಬೇಡಿ.